ತೂಕ ಕಮ್ಮಿ ಆಯ್ತಾ

ಎರಡೂ ಕಾಲಿಟ್ಟ ಮೇಲೆ ಕಾಳಿಯಮ್ಮ ಉಸಿರು ಬಿಗಿಹಿಡಿದಳು. ಯಂತ್ರದ ಕೆಂಪು ಅಂಕಿಗಳು ಓಡಿ, ತಡವರಿಸಿ, ನೂರಮೂವತ್ತೊಂದು ಕಿಲೋದಲ್ಲಿ ನಿಂತವು.

“ಇಳೀರಿ. ಇನ್ನೊಂದ್ಸಲ ಹತ್ತಿ,” ಎಂದಳು ಆಸ್ಪತ್ರೆಯ ಪದ್ಮಪ್ರಿಯಾ.

ಎರಡನೆಯ ಸಲವೂ ಅದೇ. ಪದ್ಮಪ್ರಿಯಾ ಫೈಲು ತಿರುವಿದಳು. ಆರು ತಿಂಗಳ ಹಿಂದೆ ನೂರಿಪ್ಪತ್ತಾರು. ಆಮೇಲೆ ಪ್ರತಿ ಸೋಮವಾರದ ಫೋನು. ಪ್ರತಿ ಫೋನಿನ ಮುಂದೆ ತನ್ನದೇ ಕೈಬರಹ: ಕಡಿಮೆಯಾಗಿದೆ. ಕಡಿಮೆಯಾಗಿದೆ. ಕಡಿಮೆಯಾಗಿದೆ.

“ಪ್ರತಿ ವಾರ ಕೇಳಿದೀನಲ್ಲಮ್ಮಾ, ತೂಕ ಕಮ್ಮಿ ಆಯ್ತಾ ಅಂತ. ಆಯ್ತು ಅಂದ್ರಿ.”

“ಆಯ್ತಲ್ಲ ಅಮ್ಮಿಣಿ. ನಾನ್ಯಾಕೆ ಸುಳ್ಳು ಹೇಳ್ಲಿ? ಮೊದ್ಲು ನಾಲ್ಕು ಗಂಟೆ ಬರ್ತಿತ್ತು. ಈಗ ಎರಡು ಬಂದ್ರೆ ಅದೇ ಜಾಸ್ತಿ.”

“ಏನು ಬರ್ತಿತ್ತು?”

“ತೂಕ.” ಕಾಳಿಯಮ್ಮ ಅಂಗೈಗೆ ಕೆನ್ನೆಯಿಟ್ಟು, ಕಣ್ಣು ಮುಚ್ಚಿ ತೋರಿಸಿದಳು.

ಬೆಂಚಿನ ಮೇಲಿದ್ದ ಅವಳ ಗಂಡ ಭೂಪತಿ ಗೊಳ್ಳೆಂದು ನಕ್ಕ. “ಲೇ ಕಾಳೀ, ಮೇಡಂ ಕೇಳಿದ್ದು ಎಡೈ ಕಣೇ! ಮೈಯ ಭಾರ! ನೀನು ತೂಕ್ಕಂ ಲೆಕ್ಕ ಕೊಟ್ಟಿದೀಯ!” ಉಳಿದಿಬ್ಬರೂ ನಗದಿದ್ದಾಗ ಅವನೂ ನಿಲ್ಲಿಸಿದ.

ತಮಿಳು ಸೀಮೆಯ ಕರುಮತ್ತಂಪಟ್ಟಿಯಲ್ಲಿ, ಮನೆಮಾತು ಕನ್ನಡವಾದ ಅವರ ನೇಕಾರರ ಬೀದಿಯಲ್ಲಿ, ನಿದ್ದೆಯೆಂಬ ಮಾತು ಅಜ್ಜಿಯರ ಜೊತೆಗೇ ಹೋಗಿತ್ತು. ಉಳಿದದ್ದು ತಮಿಳಿನ ತೂಕ್ಕಂ. ಅದೂ ಬಾಲ ಕಳೆದುಕೊಂಡು ತೂಕವಾಗಿತ್ತು. ದಾವಣಗೆರೆಯಿಂದ ಬಂದು ಇನ್ನೂ ವರ್ಷ ತುಂಬದ ಪದ್ಮಪ್ರಿಯಾಗೆ ಇದು ಗೊತ್ತಿರಲಿಲ್ಲ. ಮೊದಲ ಸೋಮವಾರ, “ತಮಿಳಿನವರ ಹತ್ರ ಫೋನ್ ಮಾಡಿಸ್ಲಾ?” ಎಂದು ಅವಳು ಕೇಳಿದ್ದಳು. “ಬ್ಯಾಡ ಸಾಮೀ, ನೀನೇ ಮಾಡು. ಫೋನಲ್ಲಿ ನಮ್ಮ ಮಾತು ಕೇಳಿ ಎಷ್ಟು ಕಾಲ ಆಯ್ತು,” ಎಂದಿದ್ದಳು ಕಾಳಿಯಮ್ಮ. ಆಮೇಲೆ ಪ್ರತಿ ಸೋಮವಾರ ಮಗ್ಗ ನಿಲ್ಲಿಸಿ ಫೋನಿಗೆ ಕಾಯುತ್ತಿದ್ದಳು.

“ಹಾಗಾದ್ರೆ ಆಪರೇಷನ್ ಯಾವತ್ತು?” ಎಂದು ಕಾಳಿಯಮ್ಮ ಈಗ ಕೇಳಿದಳು.

ಪದ್ಮಪ್ರಿಯಾ ಫೈಲು ಮುಚ್ಚಿದಳು. ಪಥ್ಯದಲ್ಲೇ ಭಾರ ಇಳಿದವರು ವಾರವಾರ ವಿಚಾರಿಸುವ ಫೋನ್ ಗುಂಪಿನಲ್ಲಿ ಉಳಿಯುತ್ತಾರೆ. ಇಳಿಯದ ಹನ್ನೆರಡು ಜನರಿಗೆ ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್. ಈ ಸಂಶೋಧನೆಯ ನಿಯಮವೇ ಅದು. ಹನ್ನೆರಡೂ ಜಾಗ ಕಳೆದ ವಾರ ತುಂಬಿದ್ದವು. ಅದನ್ನೆಲ್ಲ ಅವಳು ನೆಲ ನೋಡುತ್ತ ಹೇಳಿದಳು. “ತಪ್ಪು ನಂದಮ್ಮಾ,” ಎಂದೂ ಹೇಳಿ ಡಾಕ್ಟರ ಕೋಣೆಗೆ ಹೋದಳು.

ಕಾಳಿಯಮ್ಮ ಬೆಂಚಿನ ಮೇಲೆ ಕೂತಳು. ಭೂಪತಿ ತುದಿಗೆ ಸರಿದ. ಒಂದೂವರೆ ವರ್ಷದಿಂದ ಅವಳು ಚಾಚಿಕೊಂಡು ಮಲಗಿಲ್ಲ. ಮಲಗಿದರೆ ಎದೆಯ ಮೇಲೆ ಯಾರೋ ಕೂತ ಹಾಗಾಗಿ ಉಸಿರು ಕಟ್ಟುತ್ತದೆ. ಗೋಡೆಗೊರಗಿಸಿದ ಮರದ ಕುರ್ಚಿಯೇ ಅವಳ ಹಾಸಿಗೆ. ಕೆಳಗೆ ಚಾಪೆಯಲ್ಲಿ ಭೂಪತಿ ನಿದ್ದೆಗಣ್ಣಲ್ಲೇ ಕೈ ಚಾಚಿ ಪಕ್ಕದ ಖಾಲಿ ಜಾಗವನ್ನು ತಡಕುತ್ತಾನೆ. ಅವಳು ಮೇಲಿನಿಂದ ನೋಡುತ್ತಾಳೆ. ಬೆಳಿಗ್ಗೆ ಅವನಿಗದು ನೆನಪಿರುವುದಿಲ್ಲ, ಅವಳೂ ಹೇಳಿಲ್ಲ.

“ಇನ್ನೊಂದು ಕಡೆ ಕೇಳೋಣ,” ಎಂದ ಅವನು.

“ಎಲ್ಲಿ?”



ಪದ್ಮಪ್ರಿಯಾ ಒಂದು ರಟ್ಟಿನ ಪೆಟ್ಟಿಗೆ ತಂದು ಬೆಂಚಿನ ಮುಂದಿನ ಮೇಜಿನ ಮೇಲಿಟ್ಟಳು. ಒಳಗೆ ಪುಟ್ಟ ಯಂತ್ರ, ಕೊಳವೆ, ಮೂಗಿಗೆ ಕಟ್ಟುವ ಪಟ್ಟಿ.

“ಮುಂದಿನ ಗುಂಪು ಶುರುವಾಗೋದು ಎರಡು ವರ್ಷ ಬಿಟ್ಟು. ಅಲ್ಲೀವರೆಗೆ ಫೋನ್ ಗುಂಪಲ್ಲೇ ಇರಿ, ಇದನ್ನ ಇಟ್ಕೊಳ್ಳಿ ಅಂದ್ರು ಡಾಕ್ಟರು. ಗಾಳಿ ಇದೇ ಒಳಗೆ ತಳ್ಳತ್ತೆ. ನಿದ್ದೆ, ಅದೇ ನಿಮ್ಮ ತೂಕ, ಚೆನ್ನಾಗಿ ಬರತ್ತಮ್ಮಾ.”

“ಮಲಗ್ಬೋದಾ? ಚಾಪೇಲಿ?”

“ಈಗ್ಲೇ ಬೇಡ್ವಂತೆ. ಕುರ್ಚೀಲೇ ಕೂತು…”

“ಎರಡು ವರ್ಷ?”

“ಅಷ್ಟರಲ್ಲಿ ಪಥ್ಯದಲ್ಲೇ ಇಳಿದ್ರೂ ಇಳೀಬೋದು.” ಪದ್ಮಪ್ರಿಯಾ ಪೆನ್ನು ತೆಗೆದು, ಫೈಲಿನಲ್ಲಿ ರುಜು ಮಾಡುವ ಜಾಗ ತೋರಿಸಿದಳು.

“ತಗೋ ಕಾಳೀ,” ಭೂಪತಿ ಮೆಲ್ಲಗೆ ಅಂದ. “ಇಷ್ಟಾದ್ರೂ ಕೊಡ್ತಾರಲ್ಲ. ಉಸಿರಾದ್ರೂ ಸರಿಯಾಗಿ ಆಡುತ್ತೆ.”

ಕಾಳಿಯಮ್ಮ ಅವನನ್ನು ನೋಡಿದಳು. ಆಮೇಲೆ ಪೆಟ್ಟಿಗೆಯ ಮುಚ್ಚಳವನ್ನು ತಾನೇ ಮಡಿಸಿ, ಎರಡೂ ಕೈಯಿಂದ ಮೇಜಿನ ಆಚೆಗೆ ತಳ್ಳಿದಳು.

“ಬ್ಯಾಡ,” ಎಂದಳು. “ಕುರ್ಚೀಲಿ ಕೂತ್ಕೊಂಡು ಬರೋ ತೂಕ ನಂಗೆ ಬ್ಯಾಡ.”