ಎದುರಾಡದ ಹುಡುಗಿ

ಕನ್ನಡಕದ ಅಂಗಡಿಯವನ ಮಗಳನ್ನು ಊರೆಲ್ಲ ಲಾಯರಮ್ಮ ಎಂದು ಕರೆಯುತ್ತಿತ್ತು. ಆ ಹೆಸರಿಟ್ಟ ಪುಣ್ಯಾತ್ಮರು ಗಣಿತದ ಮೇಷ್ಟ್ರೇ. ಎಂಟನೆಯ ತರಗತಿಗೆ ಸೇರಿದ ವಾರದಲ್ಲೇ ಅವಳು ಎದ್ದು ನಿಂತು 'ಅದು ಹೇಗೆ ಸಾರ್?' ಎಂದಿದ್ದಳು. ಹೇಗೆ ಎಂದು ಹೇಳಿದ ಮೇಲೆ 'ಹಾಗೇ ಯಾಕೆ ಆಗಬೇಕು ಸಾರ್?' ಎಂದಿದ್ದಳು. ಅಂದು ಹಿಡಿದ ಪಟ್ಟನ್ನು ಐದು ವರ್ಷ ಬಿಡಲಿಲ್ಲ. ಮೇಷ್ಟ್ರು ರೇಗುತ್ತಿದ್ದರು, ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಅವಳು ಜ್ವರ ಬಂದು ರಜೆ ಹಾಕಿದ ದಿನ ಮಾತ್ರ ಅವರಿಗೆ ಪಾಠವೇ ರುಚಿಸದೆ, ಗಂಟೆ ಯಾವಾಗ ಹೊಡೆಯುತ್ತದೋ ಎಂದು ಗೋಡೆ ನೋಡುತ್ತ ಕೂರುತ್ತಿದ್ದರು.

ಅಂಥವಳು ದೇಶದ ಅತಿ ದೊಡ್ಡ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದಳು. ಗಣಿತಕ್ಕೆ ನಲವತ್ತು ಸೀಟು. ಕೂತು ಪರೀಕ್ಷೆ ಬರೆದವರು ಹದಿನೈದು ಸಾವಿರ. ಆ ಕಟ್ಟಡದ ಗೇಟನ್ನು ಈ ಊರಿನವರು ಫೋಟೋದಲ್ಲಿ ನೋಡಿದ್ದೇ ಹೆಚ್ಚು. ಮೇಲಾಗಿ ಒಬ್ಬರಿಗೆ ಜನ್ಮದಲ್ಲಿ ಒಂದೇ ಸಲ ಅವಕಾಶ, ತಪ್ಪಿದರೆ ತಪ್ಪಿತು. ಲಾಯರಮ್ಮ ಪರೀಕ್ಷೆಯಲ್ಲಿ ಗೆದ್ದು, ಕೊನೆಯ ಸುತ್ತಿಗೆ ಆರಿಸಿದ ನೂರು ಜನರಲ್ಲಿ ಒಬ್ಬಳಾದಳು. ಇನ್ನು ಉಳಿದಿದ್ದು ಎರಡು: ತನ್ನ ಬಗ್ಗೆ ಅವಳು ಬರೆಯಬೇಕಾದ ಪ್ರಬಂಧ, ಅವಳ ಬಗ್ಗೆ ಮೇಷ್ಟ್ರು ಬರೆಯಬೇಕಾದ ಪತ್ರ. ಪತ್ರವನ್ನು ಮೇಷ್ಟ್ರು ನೇರವಾಗಿ ಕಳಿಸಬೇಕು, ಹುಡುಗಿಗೆ ತೋರಿಸುವಂತಿಲ್ಲ.

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಮೇಷ್ಟ್ರು ಅಂಥ ಪತ್ರ ಬರೆದವರಲ್ಲ. ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕೂತರು. ಪೆನ್ನು ಇಟ್ಟಿದ್ದೇ ತಡ, ತಾನಾಗಿ ಓಡಿತು. ಅವರು ಬರೆದಿದ್ದು ಒಂದೇ ಸಂಗತಿ. ಹತ್ತೊಂಬತ್ತು ವರ್ಷದಿಂದ ಅವರು ಬೋರ್ಡಿನ ಮೇಲೆ ಒಂದು ಪ್ರಮೇಯದ ಸಾಧನೆಯನ್ನು ಒಂದೇ ರೀತಿ ಬರೆಯುತ್ತ ಬಂದಿದ್ದರು. ಹೋದ ವರ್ಷ ಈ ಹುಡುಗಿ ಎದ್ದು, 'ಸಾರ್, ಎರಡೂ ಕಡೆ ಆ ಸಂಖ್ಯೆಯಿಂದ ಭಾಗಿಸಿದ್ರಿ. ಅದು ಸೊನ್ನೆ ಆಗಿದ್ರೆ? ಸೊನ್ನೆಯಿಂದ ಭಾಗಿಸಬಾರದು ಅಂತ ನೀವೇ ಹೇಳಿದ್ರಲ್ಲ' ಎಂದಳು. ಮೇಷ್ಟ್ರು 'ಕೂತ್ಕೋ' ಎಂದು ಗದರಿದರು. ಎರಡು ದಿನ ಅವಳ ಮುಖ ನೋಡಲಿಲ್ಲ. ಮೂರನೆಯ ದಿನ ತರಗತಿಗೆ ಬಂದು, 'ಅವಳು ಹೇಳಿದ್ದೇ ಸರಿ. ನಾನು ಹತ್ತೊಂಬತ್ತು ವರ್ಷ ತಪ್ಪು ಹೇಳಿಕೊಟ್ಟೆ' ಎಂದರು. ಇದನ್ನೆಲ್ಲ ಬರೆದು, ಕೊನೆಗೆ 'ಇವಳು ನನ್ನ ಶಿಷ್ಯೆಯಾಗಿದ್ದು ನನ್ನ ಭಾಗ್ಯ' ಎಂದು ಸೇರಿಸಿ, ಹೆಂಡತಿಗೆ ಓದಿ ಹೇಳಿದರು.

ಹೆಂಡತಿ ಬಟ್ಟೆ ಮಡಚುತ್ತಿದ್ದವಳು ಕೈ ನಿಲ್ಲಿಸಿದಳು. "ನಿಮಗೇನು ತಲೆ ಕೆಟ್ಟಿದೆಯೇನ್ರೀ? ದೊಡ್ಡ ಮನೆಗೆ ಹೆಣ್ಣು ಕೊಡೋವಾಗ ಯಾರಾದ್ರೂ ನಮ್ಮ ಹುಡುಗಿಗೆ ಬಾಯಿ ಜೋರು ಅಂತ ಹೇಳ್ತಾರಾ?"

"ಬಾಯಿ ಜೋರಲ್ಲ ಕಣೇ, ಬುದ್ಧಿ ಜೋರು."

"ಓದೋರಿಗೆ ಹಾಗೆ ಕಾಣಲ್ಲ. ನೀವು ಆ ಸಾಹೇಬರಿಗೆ ಎದುರು ಮಾತಾಡಿದಾಗ ನಿಮ್ಮ ಬುದ್ಧಿ ಕಂಡ್ರಾ ಅವರು?"

ಇಲ್ಲಿ ಮೇಷ್ಟ್ರಿಗೆ ಚುರುಕ್ ಎಂದಿತು. ಹದಿನಾಲ್ಕು ವರ್ಷದ ಹಿಂದೆ ಶಾಲೆ ತಪಾಸಣೆಗೆ ಬಂದ ಸಾಹೇಬರ ಲೆಕ್ಕದಲ್ಲಿದ್ದ ತಪ್ಪನ್ನು ಎಲ್ಲರೆದುರು ತೋರಿಸಿಕೊಟ್ಟು, ಮೇಷ್ಟ್ರು ತಮ್ಮ ಬಡ್ತಿಯನ್ನು ಕೈಯಾರೆ ಕಳೆದುಕೊಂಡಿದ್ದರು. ಅವರ ಜೊತೆ ಕೆಲಸಕ್ಕೆ ಸೇರಿದವರೆಲ್ಲ ಈಗ ಹೆಡ್ ಮಾಸ್ಟರುಗಳು. ದೊಡ್ಡವರಿಗೆ ಏನು ಹಿಡಿಸುತ್ತದೆ ಎಂಬ ಪಾಠವನ್ನು ಅವರು ಅಷ್ಟು ದುಬಾರಿಯಾಗಿ ಕಲಿತಿದ್ದರು. ತನಗಾದದ್ದು ಈ ಮಗುವಿಗೆ ಆಗಬಾರದು ಎಂದುಕೊಂಡರು. ಪಾಪ, ನಿಜವಾಗಿಯೂ ಹಾಗೇ ಅಂದುಕೊಂಡರು. ಅವರ ಮನಸ್ಸಿನಲ್ಲಿ ಎಳ್ಳಷ್ಟೂ ಕೆಟ್ಟದ್ದಿರಲಿಲ್ಲ.

ಮೊದಲ ಪತ್ರವನ್ನು ಹರಿಯಲು ಮನಸ್ಸು ಬರದೆ ಹಾಜರಿ ಪುಸ್ತಕದೊಳಗೆ ಇಟ್ಟರು. ಹೊಸ ಪತ್ರವನ್ನು ಸ್ಟಾಫ್ ರೂಮಿನ ಕಂಪ್ಯೂಟರಿನಲ್ಲಿ ಎರಡೇ ಬೆರಳಿನಲ್ಲಿ ಕುಟ್ಟಿದರು. 'ಈಕೆ ಅತ್ಯಂತ ವಿಧೇಯಳು. ಗುರುಹಿರಿಯರಿಗೆ ಎಂದೂ ಎದುರಾಡಿದವಳಲ್ಲ. ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಒಪ್ಪಿಸುತ್ತಾಳೆ.' ಹೀಗೆ ಒಂದು ಪುಟ. ಓದಿದರೆ ಕಲ್ಲೂ ಕರಗಬೇಕು ಅನ್ನಿಸಿತು ಅವರಿಗೆ. ಕಳಿಸಿದರು.

ಎರಡು ತಿಂಗಳ ಮೇಲೆ ಉತ್ತರ ಬಂತು. ಆಯ್ಕೆಯಾಗಿಲ್ಲ.

ಕೊನೆಯ ಸುತ್ತಿನವರು ಫೋನ್ ಮಾಡಿ ಕಾರಣ ಕೇಳಬಹುದು ಎಂದು ಆ ಉತ್ತರದ ಅಡಿಯಲ್ಲೇ ಬರೆದಿತ್ತು. ಕೇಳದೆ ಬಿಟ್ಟರೆ ಅವಳು ಲಾಯರಮ್ಮ ಹೇಗಾದಾಳು? ಮೇಷ್ಟ್ರನ್ನೂ ಅಂಗಡಿಗೆ ಕರೆಸಿಕೊಂಡಳು. ಅವರು ಹಾಜರಿ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡೇ ಶಾಲೆಯಿಂದ ನೇರವಾಗಿ ಬಂದರು. ಗಾಜಿನ ಕಪಾಟುಗಳ ತುಂಬ ಸಾಲಾಗಿ ಕನ್ನಡಕದ ಫ್ರೇಮುಗಳು, ಮೂಲೆಯಲ್ಲಿ ಲೆನ್ಸ್ ಉಜ್ಜುವ ಯಂತ್ರ. ಅಪ್ಪ ಯಂತ್ರ ನಿಲ್ಲಿಸಿ, ಅಂಗಿಗೆ ಕೈ ಒರೆಸಿಕೊಂಡು ಬಂದು ನಿಂತ. ಹುಡುಗಿ ಫೋನನ್ನು ಎಲ್ಲರಿಗೂ ಕೇಳುವ ಹಾಗೆ ಕೌಂಟರಿನ ಮೇಲಿಟ್ಟಳು. ಆ ಕಡೆ ಒಬ್ಬ ಹೆಂಗಸು, ತುಂಬ ಮರ್ಯಾದೆಯ ದನಿ.

"ಅಂಕದಲ್ಲಿ ನಿಮಗೇನೂ ಕಡಿಮೆ ಇರಲಿಲ್ಲ. ಪ್ರಬಂಧ ನಮಗೆಲ್ಲ ತುಂಬಾ ಇಷ್ಟ ಆಯ್ತು. ಮೇಷ್ಟ್ರ ಲೆಕ್ಕದಲ್ಲಿ ಸೊನ್ನೆ ಹುಡುಕಿದ ಕತೆ ಬರೆದಿದ್ರಲ್ಲ, ಅದು."

ಮೇಷ್ಟ್ರು ಬೆಚ್ಚಿದರು. ಅವಳೂ ಅದನ್ನೇ ಬರೆದಿದ್ದಳು!

"ಆದ್ರೆ ನಿಮ್ಮ ಶಿಕ್ಷಕರ ಪತ್ರ ಪೂರ್ತಿ ಉಲ್ಟಾ ಇತ್ತು. ಯಾವತ್ತೂ ಎದುರಾಡಿದವಳಲ್ಲ, ಹೇಳಿಕೊಟ್ಟದ್ದನ್ನ ಒಪ್ಪಿಸ್ತಾಳೆ ಅಂತ. ಮಕ್ಕಳು ತಮ್ಮ ಬಗ್ಗೆ ಕತೆ ಕಟ್ಟೋದನ್ನ ನಾವು ದಿನಾ ನೋಡ್ತೀವಿ. ಐದು ವರ್ಷ ಪಾಠ ಮಾಡಿದವರ ಮಾತನ್ನ ನಂಬಬೇಕಾಯ್ತು."

ಹುಡುಗಿ ಫೋನಿನಿಂದ ಕಣ್ಣು ತೆಗೆದು ಮೇಷ್ಟ್ರನ್ನು ನೋಡಿದಳು. ಅವರು ಫೋನಿನ ಮೇಲೆ ಬಗ್ಗಿ, "ಅಮ್ಮಾ, ಆ ಮೇಷ್ಟ್ರು ನಾನೇ. ಅವಳು ಬರೆದಿದ್ದು ನಿಜ. ಸುಳ್ಳು ಬರೆದವನು ನಾನು" ಎಂದರು.

"ಸಾರ್, ನೀವು ಈಗ ಹೇಳ್ತಿರೋದನ್ನಾದರೂ ನಾವು ಹೇಗೆ ನಂಬೋದು?"

"ನನ್ನ ಹತ್ರ ಮೊದಲು ಬರೆದ ಪತ್ರ ಇದೆ..."

"ನಲವತ್ತು ಸೀಟೂ ಭರ್ತಿ ಆಗಿದೆ ಸಾರ್. ಒಳ್ಳೇದಾಗಲಿ."

ಫೋನ್ ಕಟ್ ಆಯಿತು. ಮೇಷ್ಟ್ರು ಹಾಜರಿ ಪುಸ್ತಕದಿಂದ ಆ ಹಾಳೆ ತೆಗೆದು ಅವಳಿಗೆ ಕೊಟ್ಟರು. ಅವಳು ನಿಂತಲ್ಲೇ ಓದಿದಳು. ಕೊನೆಯ ಸಾಲಿಗೆ ಬಂದಾಗ ಅವಳ ಗಲ್ಲ ಅದುರಿತು, ಅಷ್ಟೇ.

ಅಪ್ಪನಿಗೆ ನಡೆದದ್ದು ಅರ್ಧಂಬರ್ಧ ಅರ್ಥವಾಗಿತ್ತು. ಮೇಷ್ಟ್ರ ಮುಖ ನೋಡಿ ಅವನಿಗೇ ಕರುಳು ಚುರ್ರೆಂದಿತು. "ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ. ನೀವು ಒಳ್ಳೇ ಮಾತೇ ಬರೆದಿದ್ದೀರಿ. ನಮ್ಮ ಹಣೆಬರಹ" ಎಂದು ಕುರ್ಚಿ ಎಳೆದುಕೊಟ್ಟ. ಅದರ ಬದಲು ಕೆನ್ನೆಗೆ ಒಂದು ಬಾರಿಸಿದ್ದರೆ ಮೇಷ್ಟ್ರು ಬದುಕಿಕೊಳ್ಳುತ್ತಿದ್ದರು.

ಅವರು ಕೂರಲಿಲ್ಲ. ಹುಡುಗಿಯನ್ನೇ ನೋಡುತ್ತ ನಿಂತರು. ಈಗ ಶುರು ಮಾಡುತ್ತಾಳೆ, ಯಾಕೆ ಸಾರ್ ಎನ್ನುತ್ತಾಳೆ, ಇದನ್ನ ಯಾಕೆ ಕಳಿಸಲಿಲ್ಲ ಎನ್ನುತ್ತಾಳೆ, ತಾನು ಏನು ಹೇಳಿದರೂ ಅದರಲ್ಲೊಂದು ತಪ್ಪು ಹಿಡಿಯುತ್ತಾಳೆ ಎಂದು ಕಾದರು. ಆ ಬೈಗುಳಕ್ಕಾಗಿ ಅವರ ಮೈಯೆಲ್ಲ ಕಿವಿಯಾಗಿತ್ತು.

ಅವಳು ಹಾಳೆಯನ್ನು ಇದ್ದ ಮಡಿಕೆಯಲ್ಲೇ ಮಡಚಿ ಅವರ ಕೈಗೆ ಕೊಟ್ಟಳು.

"ಏನಾದ್ರೂ ಮಾತಾಡಮ್ಮ. ನನ್ನನ್ನ ಬೈಯಿ."

"ಏನೂ ಇಲ್ಲ ಸಾರ್."

"ನಿನ್ನ ಒಳ್ಳೇದಕ್ಕೇ ಅಂತ ಅಂದ್ಕೊಂಡೆ ಕಣೇ."

"ಹೌದು ಸಾರ್," ಎಂದಳು ಅವಳು. ಆ ದನಿಯಲ್ಲಿ ಸಿಟ್ಟೂ ಇರಲಿಲ್ಲ, ವ್ಯಂಗ್ಯವೂ ಇರಲಿಲ್ಲ. "ನೀವು ಹೇಳಿದ ಹಾಗೇ ಸಾರ್."

ಮೇಷ್ಟ್ರು ಮೆಟ್ಟಿಲಿಳಿದು ಬೀದಿಯಲ್ಲಿ ಸ್ವಲ್ಪ ಹೊತ್ತು ನಿಂತರು. ಐದು ವರ್ಷದಲ್ಲಿ ಅವರು ಬೆನ್ನು ತಿರುಗಿಸಿದಾಗಲೆಲ್ಲ ಹಿಂದಿನಿಂದ 'ಆದ್ರೆ ಸಾರ್' ಎಂದು ಒಂದು ಕೂಗು ಬಂದೇ ಬರುತ್ತಿತ್ತು. ಇಂದು ಬರಲಿಲ್ಲ. ಒಳಗೆ ಲೆನ್ಸ್ ಉಜ್ಜುವ ಯಂತ್ರ ಮತ್ತೆ ಶುರುವಾಯಿತು. ಅಪ್ಪ ಏನೋ ಹೇಳಿದ, ಮಗಳು "ಸರಿ ಅಪ್ಪ" ಎಂದಳು.