ಓದಿ ಹೇಳುವ ಕೆಲಸ

ನನ್ನ ಗಂಡ ರಾಮಪ್ರಸಾದರಿಗೆ ಸ್ಮಾರ್ಟ್‌ಫೋನು ಬೇಕೋ ಬೇಡವೋ ಎಂಬುದನ್ನು ಭಾನುವಾರದೊಳಗೆ ನಾನು ಹೇಳಬೇಕಾಗಿತ್ತು. ಆ ಮಾತು ಬಂದದ್ದು ಬುಧವಾರ ಸಂಜೆ.

ಅವರ ತಮ್ಮನ ಮಗಳು ಇಂಚರ ಆಫೀಸು ಮುಗಿಸಿಕೊಂಡು ಪದ್ಮನಾಭನಗರಕ್ಕೆ ಹೋಗುವ ದಾರಿಯಲ್ಲಿ ತ್ಯಾಗರಾಜನಗರದ ನಮ್ಮ ಮನೆಗೆ ಬಂದಿದ್ದಳು. ತನ್ನ ಫೋನನ್ನು ದೊಡ್ಡಪ್ಪನ ಕೈಗೆ ಕೊಟ್ಟು, ಅವರ ತೋರುಬೆರಳನ್ನು ಹಿಡಿದು ಗಾಜಿನ ಮೇಲೆ ನಿಧಾನವಾಗಿ ಸರಿಸಿದಳು. ಬೆರಳು ಎಲ್ಲಿ ನಿಂತಿತೋ ಅಲ್ಲಿರುವುದನ್ನು ಫೋನು ಕನ್ನಡದಲ್ಲಿ ಹೇಳತೊಡಗಿತು. ಬಂದ ಮೆಸೇಜನ್ನೂ ಓದಿತು. ಅವರು ತಲೆಯನ್ನು ಒಂದು ಬದಿಗೆ ವಾಲಿಸಿ ಕೇಳಿದರು. ಹೊಸ ರಾಗ ಕೇಳುವಾಗ ಅವರು ಹಾಗೆ ಕೂರುತ್ತಾರೆ.

ಗ್ಲಾಕೋಮಾದಿಂದ ಅವರ ಕಣ್ಣು ಐದು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಹೋಯಿತು. ಈಗ ಎರಡೂವರೆ ವರ್ಷದಿಂದ ಪೂರ್ತಿ ಕತ್ತಲೆ. ಅವರ ಬಳಿ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ಐದರ ಗುಂಡಿಯ ಮೇಲಿನ ಚಿಕ್ಕ ಉಬ್ಬನ್ನು ಹೆಬ್ಬೆರಳಿಗೆ ತಾಗಿಸಿಕೊಂಡರೆ ಉಳಿದ ಅಂಕಿಗಳೆಲ್ಲ ಅವರಿಗೆ ಸಿಗುತ್ತಿದ್ದವು. ನಂಬರುಗಳೆಲ್ಲ ಬಾಯಿಗೆ ಬರುತ್ತಿದ್ದವು. ಮಾತನಾಡಲು ಅವರಿಗೆ ಯಾರ ಸಹಾಯವೂ ಬೇಕಿರಲಿಲ್ಲ. ಮೆಸೇಜುಗಳಿಗೆ ಮಾತ್ರ ನಾನು ಬೇಕಿದ್ದೆ.

"ದೊಡ್ಡಪ್ಪ, ನಿಮ್ಮ ಫೋನನ್ನ ಮ್ಯೂಸಿಯಂನವರು ಕೇಳ್ತಿದಾರೆ, ಕೊಟ್ಬಿಡಿ," ಎಂದಳು ಇಂಚರ.

"ನನ್ನನ್ನೂ ಸೇರಿಸಿ ತಗೋತಾರಾ ವಿಚಾರಿಸು," ಎಂದರು ಅವರು.

ನಾನು ನನ್ನ ಆತಂಕಗಳನ್ನೆಲ್ಲ ಹೇಳಿದೆ. ಪೊಲೀಸರೆಂದು ಹೇಳಿಕೊಂಡು ಹೆದರಿಸುವವರು, ಲಿಂಕು ಕಳಿಸಿ ಮೋಸ ಮಾಡುವವರು, ಬೆರಳು ತಪ್ಪಿ ಯಾರಿಗೋ ಏನೋ ಹೋಗಿಬಿಡುವುದು. ಇಂಚರ ಒಂದೊಂದಕ್ಕೂ ಉತ್ತರ ಕೊಟ್ಟಳು. ಅವು ನನ್ನ ನಿಜವಾದ ಭಯಗಳಾಗಿದ್ದರೆ ಆ ಉತ್ತರಗಳು ಸಾಕಾಗುತ್ತಿದ್ದವು. ಹೊರಡುವ ಮುಂಚೆ ಅವಳು ಇನ್ನೊಂದು ವಿಷಯ ಹೇಳಿದಳು. ಗಮಕ ಸಂಘದವರದ್ದೂ ಒಂದು ವಾಟ್ಸಾಪ್ ಗ್ರೂಪು ಇದೆಯಂತೆ, ಅವಳ ಸ್ನೇಹಿತೆಯ ತಾಯಿ ಅದರಲ್ಲಿದ್ದಾರಂತೆ, ಹಾಡಿದ್ದನ್ನೆಲ್ಲ ಅದರಲ್ಲಿ ಹಾಕುತ್ತಾರಂತೆ.

"ಹಳೇದಿರಬೇಕು," ಎಂದರು ರಾಮಪ್ರಸಾದ್. "ಹಾಲ್ ರಿಪೇರಿ ನಡೀತಿದೆಯಲ್ಲ. ಸಭೆ ನಿಂತು ಎರಡು ವರ್ಷ ಆಯ್ತು."

ನಾನು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ. ಹಿಂದಿನಿಂದ ಅವರ ಮಾತು ಕೇಳಿಸಿತು.

"ಪಂಕಜಾ ಹೇಳಿದ ಹಾಗೆ ಆಗ್ಲಿ. ಓದೋ ಕೆಲಸ ಅವಳದು. ಅವಳಿಗೆ ಬೇಡ ಅನ್ನಿಸಿದ್ರೆ ನನಗೂ ಬೇಡ."

ಭಾನುವಾರ ಅಂಗಡಿಗೆ ಹೋಗುವುದಾದರೆ ಹೇಳಿ ಎಂದು ಇಂಚರ ಹೊರಟಳು.

ಗಮಕವೆಂದರೆ ಹಳೆಯ ಕಾವ್ಯವನ್ನು ರಾಗ ಕೂಡಿಸಿ ಓದುವುದು. ಒಬ್ಬರು ಓದುತ್ತಾರೆ, ಪಕ್ಕದಲ್ಲಿ ಕೂತ ಇನ್ನೊಬ್ಬರು ಅರ್ಥ ಹೇಳುತ್ತಾರೆ. ಬನಶಂಕರಿಯ ಸಂಘದಲ್ಲಿ ಹತ್ತೊಂಬತ್ತು ವರ್ಷ ಇವರು ಓದಿದರು, ಶ್ರೀಕರ್ ಎಂಬ ಸ್ನೇಹಿತರು ಅರ್ಥ ಹೇಳಿದರು. ಕಣ್ಣು ಹೋದ ಮೇಲೂ ಇವರು ಬಾಯಿಪಾಠದ ಬಲದಿಂದ ಓದುವುದನ್ನು ಮುಂದುವರಿಸಿದ್ದರು. ಎರಡು ವರ್ಷದ ಹಿಂದೆ, ಒಂದು ಮಂಗಳವಾರ, ಶ್ರೀಕರ್ ಅವರಿಂದ ಮೆಸೇಜು ಬಂತು. ನೀವು ಪದ್ಯಗಳನ್ನು ಹಾರಿಸುತ್ತಿದ್ದೀರಿ, ಇನ್ನು ಮುಂದೆ ಬೇರೆಯವರು ಓದಲಿ ಎಂದು ಸಂಘ ತೀರ್ಮಾನಿಸಿದೆ, ಎಂದು ಅದರಲ್ಲಿತ್ತು.

ಅದರ ಹಿಂದಿನ ವಾರವಷ್ಟೇ ಇವರು ಬಸ್‌ಸ್ಟಾಪಿನ ಹತ್ತಿರ ಕಿತ್ತುಹೋದ ಚಪ್ಪಡಿಗೆ ಎಡವಿ ಬಿದ್ದಿದ್ದರು. ಮೊಣಕಾಲಿಗೆ ಪಟ್ಟಿ ಕಟ್ಟಿತ್ತು. ಒಬ್ಬರೇ ಹೊರಗೆ ಹೋಗುವುದನ್ನು ಬಿಟ್ಟಿದ್ದರು. "ಯಾರು, ಶ್ರೀಕರಾ? ಏನಂತೆ?" ಎಂದು ಕೇಳಿದರು. ನಾನು ಫೋನಿನ ಪುಟ್ಟ ಪರದೆಯನ್ನು ನೋಡುತ್ತಲೇ, ಸಭಾಂಗಣ ರಿಪೇರಿಗೆ ಕೊಟ್ಟಿದ್ದಾರಂತೆ, ಮುಗಿಯುವ ತನಕ ಸಭೆ ಇಲ್ಲವಂತೆ, ಎಂದು ಓದಿದೆ. ರಿಪೇರಿ ಮುಗಿದ ತಕ್ಷಣ ತಿಳಿಸಿ, ನಾನು ತಯಾರಿರುತ್ತೇನೆ ಎಂದು ಬರಿ, ಅಂದರು. ನಾನು ಬರೆದದ್ದು ಬೇರೆ. 'ನೀವು ಹೇಳಿದ್ದು ಸರಿ. ಅರ್ಥವಾಯಿತು. ಬೇಸರವಿಲ್ಲ.' ಅದನ್ನು ಅವರ ಹೆಸರಿನಲ್ಲಿ ಕಳಿಸಿ, ಎರಡೂ ಮೆಸೇಜುಗಳನ್ನು ಅಳಿಸಿದೆ.

ಅದು ಮೊದಲನೆಯದೇನೂ ಆಗಿರಲಿಲ್ಲ. ನಾನು ಇಪ್ಪತ್ತೆಂಟು ವರ್ಷ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡಿದವಳು. ಕಾರ್ಡಿನ ಮೇಲೆ ಒಂದಕ್ಷರ ತಪ್ಪಾದರೂ ಪುಸ್ತಕ ಸಿಗುವುದಿಲ್ಲ ಎಂದು ಹೊಸಬರಿಗೆ ಹೇಳುತ್ತಿದ್ದವಳು. ಆದರೆ ಮನೆಯಲ್ಲಿ, ಅವರ ಮುಖ ನೋಡುತ್ತ ಓದುವಾಗ, ನಾಲಿಗೆ ತಾನಾಗಿ ತಿದ್ದಿಬಿಡುತ್ತಿತ್ತು. ಮದುವೆಮನೆಯವರು 'ಅವರನ್ನು ಕರೆತರುವುದು ಕಷ್ಟವಾದರೆ ನೀವೊಬ್ಬರೇ ಬನ್ನಿ' ಎಂದು ಬರೆದರೆ ನಾನು 'ಇಬ್ಬರೂ ಬನ್ನಿ' ಎಂದು ಓದುತ್ತಿದ್ದೆ. ಯಾರಾದರೂ ತೀರಿಕೊಂಡರೆ, ಆಸ್ಪತ್ರೆಯಲ್ಲಿದ್ದಾರೆ ಎಂದು ಎರಡು ದಿನ ಹೇಳಿ ಆಮೇಲೆ ಸುದ್ದಿ ಕೊಡುತ್ತಿದ್ದೆ. ಬ್ಯಾಂಕಿನವರ ಮೆಸೇಜುಗಳನ್ನು ಮಾತ್ರ ಇದ್ದದ್ದು ಇದ್ದ ಹಾಗೆ ಓದುತ್ತಿದ್ದೆ.

ಸಂಘದ ಸುಳ್ಳು ಉಳಿದುಕೊಂಡದ್ದು ಎರಡೂ ಕಡೆಯ ಸಂಕೋಚದಿಂದ. ಯುಗಾದಿಗೆ ಇವರು ಶ್ರೀಕರ್ ಅವರಿಗೆ ಫೋನು ಮಾಡಿ, ಸಂಘದ ವಿಷಯ ಏನಾಯ್ತು ಎಂದು ಕೇಳಿದರು. ಆ ವಿಷಯ ಈಗ ಬೇಡ ಬಿಡಿ ರಾಮಪ್ರಸಾದರೇ ಎಂದು ಅವರು ಮಾತು ಬದಲಿಸಿದರಂತೆ. ಪಾಪ, ಕಂಟ್ರಾಕ್ಟರು ತುಂಬ ಸತಾಯಿಸುತ್ತಿರಬೇಕು ಎಂದರು ಇವರು. ಆಮೇಲೆ ಆ ಫೋನುಗಳೂ ಕಡಿಮೆಯಾದವು.

ಆದರೆ ಅಭ್ಯಾಸ ನಿಲ್ಲಲಿಲ್ಲ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಹಾಲ್ ತೆರೆದ ದಿನ ಓದಬೇಕಾದ ಭಾಗವನ್ನು ಹಾಡುತ್ತಿದ್ದರು. ನಾನು ಪುಸ್ತಕ ಹಿಡಿದು ಎದುರಿಗೆ ಕೂರುತ್ತಿದ್ದೆ. ಅವರು ಪದ್ಯಗಳನ್ನು ಹಾರಿಸುತ್ತಿದ್ದುದು ನಿಜ. ಮೂರನೆಯದು ಮುಗಿಸಿ ಸಲೀಸಾಗಿ ಐದನೆಯದಕ್ಕೆ ಹೋಗುತ್ತಿದ್ದರು. ಮುಗಿದ ಮೇಲೆ "ಸರಿ ಇತ್ತಾ?" ಎನ್ನುತ್ತಿದ್ದರು. ಸರಿ ಇತ್ತು ಎನ್ನುತ್ತಿದ್ದೆ.

ಗುರುವಾರ, ಶುಕ್ರವಾರ ನಾನು ದಾರಿ ಹುಡುಕಿದೆ. ಬೇಡ ಎಂದರೆ ಅವರು ಏಕೆ ಎಂದು ಕೇಳುವುದಿಲ್ಲ. ಅದೇ ನನಗೆ ಭಾರವಾಗಿತ್ತು. ಬೇಕು ಎಂದರೆ, ಆ ಗ್ರೂಪಿಗೆ ಸೇರಿದ ಮೊದಲ ವಾರದಲ್ಲೇ ಹೊಸ ಹಾಡುಗಳು ಅವರ ಕಿವಿಗೆ ಬೀಳುತ್ತವೆ, ಸಭೆ ನಿಂತೇ ಇಲ್ಲ ಎಂದು ತಿಳಿದುಬಿಡುತ್ತದೆ. ಶ್ರೀಕರ್ ಅವರಿಗೆ ಫೋನು ಮಾಡಿ, ಏನೂ ಹೇಳಬೇಡಿ ಎಂದು ಬೇಡಿಕೊಳ್ಳಲೇ ಎಂದೂ ಯೋಚಿಸಿದೆ. ನಂಬರು ಒತ್ತಿ, ರಿಂಗಾಗುವ ಮುಂಚೆ ಕಟ್ ಮಾಡಿದೆ. ಇನ್ನೊಬ್ಬರನ್ನೂ ಇದರೊಳಗೆ ಎಳೆಯಲು ಮನಸ್ಸು ಬರಲಿಲ್ಲ.

ಶನಿವಾರ ಬೆಳಿಗ್ಗೆ ಹಾಡು ಮುಗಿಯಿತು. ಸರಿ ಇತ್ತಾ ಎಂದು ಕೇಳಲು ಅವರು ಬಾಯಿ ತೆರೆಯುವುದರೊಳಗೆ ನಾನು ಮಾತಾಡಿದೆ.

"ಫೋನ್ ತಗೊಳ್ಳೋಣ. ಅದಕ್ಕೆ ಮುಂಚೆ ನಿಮಗೊಂದು ಮೆಸೇಜು ಓದ್ಬೇಕು."

"ಬಂದ ಶಬ್ದ ಕೇಳಿಸ್ಲಿಲ್ವಲ್ಲ."

"ಹಳೇದು. ಶ್ರೀಕರ್ ಅವರದ್ದು."

ಅದು ನನ್ನ ಕೈಯಲ್ಲಿರಲಿಲ್ಲ. ಅಳಿಸಿ ಎರಡು ವರ್ಷವಾಗಿತ್ತು. ಆದರೂ ಒಂದಕ್ಷರ ಬಿಡದೆ ನೆನಪಿತ್ತು. ಕಣ್ಣು ಮುಚ್ಚಿಕೊಂಡು ಹೇಳಿದೆ.

"ರಾಮಪ್ರಸಾದರೇ, ಎದುರಿಗೆ ಹೇಳಲು ಧೈರ್ಯವಿಲ್ಲದೆ ಬರೆಯುತ್ತಿದ್ದೇನೆ. ಕಳೆದ ಮೂರು ಸಭೆಗಳಲ್ಲಿ ನೀವು ಪದ್ಯಗಳನ್ನು ಹಾರಿಸಿದಿರಿ. ಅರ್ಥ ಹೇಳಲು ನನಗೆ ದಾರಿ ಸಿಗಲಿಲ್ಲ. ಇನ್ನು ಮುಂದೆ ಬೇರೆಯವರು ಓದಲಿ ಎಂದು ಸಂಘ ತೀರ್ಮಾನಿಸಿದೆ. ಮನ್ನಿಸಿ."

ಹಾಲ್ ರಿಪೇರಿ ಇರಲೇ ಇಲ್ಲ, ಸಭೆಗಳು ನಡೆಯುತ್ತಲೇ ಇವೆ ಎಂದೂ ಹೇಳಿದೆ. ಅವರ ಕೈ ಮಂಡಿಯ ಮೇಲೆ ತಾಳ ಹಾಕುವ ಭಂಗಿಯಲ್ಲೇ ಇತ್ತು. ಅದನ್ನು ಮೆಲ್ಲಗೆ ತಿರುಗಿಸಿ ಬೋರಲು ಇಟ್ಟರು.

ನಾನು ಏನೆಂದು ಉತ್ತರ ಕಳಿಸಿದೆ ಎಂದು ಮೊದಲು ಕೇಳಿದರು. ಅದನ್ನೂ ಇದ್ದ ಹಾಗೆ ಹೇಳಿದೆ.

"ಹಾರಿಸ್ತೀನಾ?"

"ಹೂಂ."

"ಎಲ್ಲಿ?"

"ಮೂರನೇದಾದ್ಮೇಲೆ ಐದನೇದಕ್ಕೆ ಹೋಗ್ತೀರಿ. ಕೊನೇಲಿ ಎರಡು ಪದ್ಯ ಸೇರಿ ಒಂದಾಗಿಬಿಡತ್ತೆ."

"ಇವತ್ತೂ?"

"ಇವತ್ತೂ."

ಅವರು ದನಿ ಎತ್ತರಿಸಲಿಲ್ಲ. "ಎರಡು ವರ್ಷ ತಪ್ಪು ಹಾಡಿದೀನಿ. ನೀನು ಪುಸ್ತಕ ಹಿಡ್ಕೊಂಡು ಎದುರಿಗೆ ಕೂತಿದ್ದೆ."

ಆ ವಾರ ನೀವು ಬಿದ್ದಿದ್ದಿರಿ, ಮನೆಯಿಂದ ಹೊರಗೆ ಹೋಗುವುದನ್ನೇ ಬಿಟ್ಟಿದ್ದಿರಿ, ಇದೂ ಹೋದರೆ ನಿಮಗೆ ಉಳಿಯುವುದೇನು ಎಂದುಕೊಂಡೆ, ಎಂದು ಹೇಳಿದೆ. ಅದೆಲ್ಲ ನಿಜವೇ ಆಗಿತ್ತು. ಹೇಳುವಾಗ ಮಾತ್ರ ಯಾರೋ ಕಲಿಸಿಕೊಟ್ಟ ಮಾತಿನ ಹಾಗೆ ಕೇಳಿಸಿತು. ಅದಕ್ಕೆ ಅವರು, ಶ್ರೀಕರ್ ಹೇಳಿದ್ದು ತಲುಪಿದ್ದರೆ ಒಂದು ದಿನ ಅವಮಾನವಾಗುತ್ತಿತ್ತು, ಮಾರನೆಯ ದಿನದಿಂದ ತಿದ್ದಿಕೊಳ್ಳುತ್ತಿದ್ದೆನೋ ಏನೋ, ತಿದ್ದಿಕೊಳ್ಳಲು ಆಗುತ್ತದೆಯೋ ಇಲ್ಲವೋ ಎಂದಾದರೂ ಗೊತ್ತಾಗುತ್ತಿತ್ತು, ಎಂದರು.

"ಇನ್ನೇನೇನು ಬದಲಾಯಿಸಿದೀಯ?"

ನೆನಪಿಸಿಕೊಂಡು ಒಂದೊಂದಾಗಿ ಹೇಳಿದೆ. ಮದುವೆಯ ಕರೆಯ ವಿಷಯ, ಸಾವಿನ ಸುದ್ದಿಗಳು, ಅವರ ತಮ್ಮ ಸಿಟ್ಟಿನಲ್ಲಿ ಬರೆದ ಒಂದು ಸಾಲು. ಏಳೆಂಟು ಆಗುವಷ್ಟರಲ್ಲಿ ನಿಂತುಹೋದೆ. ಇನ್ನೂ ಇದ್ದವು, ನೆನಪಾಗಲಿಲ್ಲ. ನೆನಪಿಲ್ಲ ಎಂದದ್ದನ್ನು ಅವರು ನಂಬಿದರೋ, ಇದನ್ನೂ ಮುಚ್ಚಿಡುತ್ತಿದ್ದೇನೆ ಎಂದುಕೊಂಡರೋ, ಮುಖ ನೋಡಿ ನನಗೆ ತಿಳಿಯಲಿಲ್ಲ. ಆ ಮುಖವನ್ನು ಇಷ್ಟು ವರ್ಷ ಓದಿದವಳಿಗೆ ಆ ದಿನ ಏನೂ ಸಿಗಲಿಲ್ಲ.

ಭಾನುವಾರ ಇಂಚರಳ ಜೊತೆ ಜಯನಗರದ ಅಂಗಡಿಗೆ ಹೋದೆವು. ಅಂಗಡಿಯ ಹುಡುಗಿ ಚೈತ್ರ, ಅಂಕಲ್‌ಗೆ ಅಭ್ಯಾಸ ಆಗತ್ತಾ ಆಂಟಿ ಎಂದು ನನ್ನನ್ನು ಕೇಳಿದಳು.

"ಅಂಕಲ್ ಇಲ್ಲೇ ಇದಾರಮ್ಮ, ಅವರನ್ನೇ ಕೇಳು," ಎಂದರು ಇವರು.

ಅವಳು ಸಾರಿ ಅಂಕಲ್ ಎಂದು, ಓದುವ ದನಿಯನ್ನು ಹಾಕಿ, ವೇಗ ಕಡಿಮೆ ಮಾಡಬೇಕೇ, ದನಿ ಬದಲಾಯಿಸಬೇಕೇ ಎಂದು ಅವರನ್ನೇ ಕೇಳಿದಳು. ಏನೂ ಬೇಡ, ಅದು ಹೇಗೆ ಹೇಳುತ್ತದೋ ಹಾಗೇ ಹೇಳಲಿ ಎಂದರು. ಆ ಮಾತು ಯಾರಿಗೆ ಎಂದು ಇಂಚರಳಿಗೆ ತಿಳಿಯಲಿಲ್ಲ.

ಹತ್ತು ದಿನಗಳಲ್ಲಿ ಅವರು ಅದನ್ನು ಕಲಿತರು. ಮೊದಮೊದಲು ಬೆರಳು ಹೆಚ್ಚುಕಡಿಮೆಯಾಗಿ ಯಾರಿಗೋ ಫೋನು ಹೋಗುತ್ತಿತ್ತು. ಸಿಡಿಮಿಡಿಗೊಳ್ಳುತ್ತಿದ್ದರು, ಆದರೆ ನನ್ನನ್ನು ಕರೆಯುತ್ತಿರಲಿಲ್ಲ. ಇಂಚರಳನ್ನು ಕೇಳಿ ಸರಿಮಾಡಿಕೊಳ್ಳುತ್ತಿದ್ದರು. ಅಡುಗೆಮನೆಯಲ್ಲಿ ನನಗೆ ಆ ದನಿ ಕೇಳುತ್ತಿತ್ತು. ದೂರದ ನೆಂಟರೊಬ್ಬರು ತೀರಿಕೊಂಡರು ಎಂಬುದನ್ನೂ, ಸೀರೆಗಳ ಮೇಲೆ ಐವತ್ತು ಪರ್ಸೆಂಟ್ ರಿಯಾಯಿತಿ ಎಂಬುದನ್ನೂ ಅದು ಒಂದೇ ಉಸಿರಿನಲ್ಲಿ ಓದಿತು. ನಾನು ಸೌಟು ಹಿಡಿದು ನಿಂತೆ. ಅವರು ಆ ನೆಂಟರ ಮಗನಿಗೆ ಫೋನು ಮಾಡಿ ಸಮಾಧಾನ ಹೇಳಿದರು. ಅಷ್ಟೇ ಆದದ್ದು. ಅವರಿಗೆ ಏನಾದೀತು ಎಂದು ನಾನು ಹೆದರುತ್ತಿದ್ದೆನೋ ಅದು ಆಗಲಿಲ್ಲ.

ಸಂಘದ ಗ್ರೂಪಿಗೆ ಸೇರಿದ ದಿನವೇ ಬಂದ, ಈಗ ಓದುತ್ತಿರುವವರ ಧ್ವನಿಮುದ್ರಣವನ್ನು ಮೊದಲಿಂದ ಕೊನೆಯವರೆಗೆ ಕೇಳಿದರು. ಒಂದೂ ಪದ್ಯ ಬಿಟ್ಟಿಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಶ್ರೀಕರ್ ಅವರಿಗೆ ತಮ್ಮ ದನಿಯಲ್ಲೇ ಒಂದು ಸಂದೇಶ ಕಳಿಸಿದರು. ನಾನು ಬಾಗಿಲ ಬಳಿ ಇದ್ದುದು ಅವರಿಗೆ ಗೊತ್ತಿತ್ತೆಂದೇ ಕಾಣುತ್ತದೆ.

"ಶ್ರೀಕರ್, ಎರಡು ವರ್ಷದ ಹಿಂದೆ ನೀವು ಬರೆದಿದ್ದು ನನಗೆ ಈಗ ತಲುಪಿದೆ. ನಿಮಗೆ ಬಂದ ಉತ್ತರ ನನ್ನದಲ್ಲ."

ಮತ್ತೆ ಯಾರದು ಎಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಉತ್ತರ ಬಂತು. ಶ್ರೀಕರ್ ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದರು. ಫೋನು ಅದನ್ನು ಇಂಗ್ಲಿಷೆಂದೇ ತಿಳಿದು ಓದಿತು. ಯಾವ ಭಾಷೆಯೂ ಅಲ್ಲದ ಶಬ್ದಗಳು ಹೊರಬಂದವು. ಅವರು ಎರಡು ಸಲ, ಮೂರು ಸಲ ಓದಿಸಿದರು. ಇಂಚರಳಿಗೆ ಫೋನು ಮಾಡಿದರು, ಅವಳು ಎತ್ತಲಿಲ್ಲ. ನಾನು ಅಡುಗೆಮನೆಯಲ್ಲೇ ಇದ್ದೆ, ಬರಲೇ ಎಂದು ಕೇಳಲಿಲ್ಲ.

"ಪಂಕಜಾ," ಎಂದು ಕರೆದರು ಕೊನೆಗೆ. "ಇದನ್ನ ಓದು."

ಫೋನು ತೆಗೆದುಕೊಂಡೆ. ಮೊದಲು ಮನಸ್ಸಿನಲ್ಲೇ ಓದಿಕೊಳ್ಳುವುದು ನನ್ನ ರೂಢಿ. ಬದಲಾಯಿಸುವುದೆಲ್ಲ ಆ ಅವಧಿಯಲ್ಲೇ ಆಗುತ್ತಿದ್ದದ್ದು. ಈ ಸಲ ಹಾಗೆ ಮಾಡಲಿಲ್ಲ. ಕಣ್ಣಿಗೆ ಬಿದ್ದ ಶಬ್ದವನ್ನು ಬಿದ್ದ ಕೂಡಲೇ ಬಾಯಿಗೆ ಕೊಟ್ಟೆ.

"ರಾಮಪ್ರಸಾದರೇ, ಕೇಳಿ ಸಂಕಟವಾಯಿತು. ಆ ಉತ್ತರ ನಿಮ್ಮದೆಂದು ತಿಳಿದು, ಎಂಥ ದೊಡ್ಡ ಮನಸ್ಸು ಎಂದು ಎಲ್ಲರ ಮುಂದೆ ಹೊಗಳಿದ್ದೆ. ಮುಂದಿನ ಭಾನುವಾರ ಸಭೆಗೆ ಬನ್ನಿ. ಕೇಳುವುದಕ್ಕೆ ಮಾತ್ರ. ನಿಮ್ಮಿಂದ ಓದಿಸಲು ಸಂಘ ಈಗಲೂ ಒಪ್ಪುವುದಿಲ್ಲ, ನಾನೂ ಒತ್ತಾಯಿಸಲಾರೆ."

'ಮಾತ್ರ' ಎಂಬಲ್ಲಿ ನನ್ನ ದನಿ ತಗ್ಗಿತು. ಆದರೂ ಹೇಳಿದೆ.

"ಇನ್ನೊಂದ್ಸಲ ಓದು," ಎಂದರು.

ಓದಿದೆ. ಸಾವಿರಾರು ಸಾಲು ಬಾಯಿಪಾಠ ಇಟ್ಟುಕೊಂಡವರು ಅವರು. ಎರಡು ಓದನ್ನೂ ಶಬ್ದಕ್ಕೆ ಶಬ್ದ ಹೋಲಿಸುತ್ತಿದ್ದಾರೆ ಎಂದು ಗೊತ್ತಾಗುತ್ತಿತ್ತು. ಕೊನೆಯವರೆಗೆ ತಾಳ್ಮೆಯಿಂದ ಕೇಳಿ, ತಲೆಯಾಡಿಸಿದರು.

"ಬರಿ. ಕೇಳೋದಕ್ಕೆ ಮಾತ್ರ ಬರ್ತೀನಿ. ಪಂಕಜಾನೂ ಬರ್ತಾಳೆ."

ಕನ್ನಡ ಅಕ್ಷರಗಳಲ್ಲೇ ಬರೆದೆ. ಅವರು ಹೇಳಿದ ಹಾಗೆ, 'ಬರ್ತೀನಿ' ಎಂಬುದನ್ನು 'ಬರುತ್ತೇನೆ' ಎಂದೂ ತಿದ್ದದೆ. ಬರೆದದ್ದನ್ನು ಓದಿ ಹೇಳಲೆಂದು ಬಾಯಿ ತೆರೆಯುವಷ್ಟರಲ್ಲಿ ಅವರು ಕೈ ಚಾಚಿದರು. ಫೋನು ಕೊಟ್ಟೆ. ಅವರು ಗಾಜಿನ ಮೇಲೆ ಬೆರಳು ಸರಿಸಿ ಆ ದನಿಯಿಂದ ಓದಿಸಿಕೊಂಡರು. ಅವರು ಹೇಳಿದ ಎರಡು ವಾಕ್ಯವನ್ನೇ ಅದು ಹೇಳಿತು. ನಾನು ಪಕ್ಕದಲ್ಲಿ ನಿಂತೇ ಇದ್ದೆ. ಮತ್ತೊಮ್ಮೆ ಓದಿಸಿದರು. ಆಮೇಲೆ ಕಳಿಸುವ ಗುರುತನ್ನು ತಾವೇ ಹುಡುಕಿಕೊಂಡು ಕಳಿಸಿದರು.