ಹಳ್ಳದ ಚಿನ್ನ

ಸೀಸದ ಗಣಿ ಮುಚ್ಚಿದ ಮೇಲೂ ಆ ಗುಡ್ಡದೂರಿನಲ್ಲಿ ಒಂದು ಪದ್ಧತಿ ಉಳಿದಿತ್ತು: ಮಗಳ ಮದುವೆಯುಂಗುರಕ್ಕೆ ಅಪ್ಪನೇ ಹಳ್ಳದ ಮರಳು ಜಾಲಿಸಿ ಚಿನ್ನ ಕೂಡಿಸಬೇಕು. ಗ್ರಿಜೆಲ್ ಅಷ್ಟು ಕಾಯಲಿಲ್ಲ. ಗ್ಲಾಸ್ಗೋದ ಅಂಗಡಿಯುಂಗುರ ತೊಟ್ಟು ಮದುವೆಯಾದಳು. ಅಪ್ಪ ಮುನಿಸಿಕೊಂಡು ಬರಲಿಲ್ಲ. ಇವಳೂ ಹಟಕ್ಕೆ ಬಿದ್ದು ಹನ್ನೊಂದು ವರ್ಷ ಊರಿನತ್ತ ತಲೆಹಾಕಲಿಲ್ಲ.

ಅಪ್ಪನನ್ನು ಮಣ್ಣುಮಾಡಿದ ಮರುದಿನ ಬಂದು ತಲುಪಿದವಳ ಕೈಗೆ ಪಕ್ಕದ ಮನೆಯ ಎಫಿ ಔಷಧಿ ಬಾಟಲಿಯೊಂದನ್ನು ಇಟ್ಟಳು. ತಳದಲ್ಲಿ ಚಿನ್ನದ ಕಾಳುಗಳು ಮಿನುಗುತ್ತಿದ್ದವು.

"ನನ್ನುಂಗುರಕ್ಕೆ ಅಂತ ತೆಗೆದಿದ್ದಾ?"

"ನಿಂದಲ್ಲ ಕಣೇ, ನಿನ್ನ ಮಗಳದ್ದು. ಅವಳು ಹುಟ್ಟಿದ್ಲು ಅಂತ ಕೇಳಿದ ದಿನವೇ ತಟ್ಟೆ ಹಿಡ್ಕೊಂಡು ಹಳ್ಳಕ್ಕೆ ಹೊರಟ, ಹಟಮಾರಿ."

"ಮತ್ತೆ ನಂದು?"

ಎಫಿ ಗೋರಿಗಳ ಕಡೆ ನೋಡಿದಳು. "ಅದನ್ನ ಆಗ್ಲೇ ಮಾಡ್ಸಿದ್ದ. ತನ್ನ ಕಿರುಬೆರಳಲ್ಲೇ ಇಟ್ಕೊಂಡಿದ್ದ. ನಿನ್ನೆ ಬಂದಿದ್ರೆ ಬಿಚ್ಚಿ ಕೊಡ್ತಿದ್ದೆ."